ಕೆಂಪು ಬಿಯರೂ ಸ್ಟೀಲ್ ಲೋಟವೂ

ನನಗೆ ಬಿಯರಿನ ರುಚಿಗಿಂತ ಅದರ ಬಣ್ಣದ ಮೇಲೆಯೇ ಹೆಚ್ಚು ಮೋಹ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಶಾರದೆಯಂತೂ ಇವತ್ತಿಗೂ ನಂಬಿಲ್ಲ. ಒಂದು ದಿನ ಮೊಬೈಲಿನಲ್ಲಿ ಐರಿಷ್ ರೆಡ್ ಏಲ್ ಎಂಬ ಬಿಯರಿನ ಚಿತ್ರ ಕಂಡೆ. ಬಿಸಿಲಿಗೆ ಹಿಡಿದ ದಾಳಿಂಬೆ ರಸದ ಹಾಗಿತ್ತು. ಐರ್ಲೆಂಡ್ ಎಲ್ಲಿ, ಚಿಕ್ಕಬಳ್ಳಾಪುರ ಎಲ್ಲಿ! ಆದರೂ ಇದನ್ನು ನಾನೇ ಮಾಡಬೇಕೆಂದು ಮನಸ್ಸು ಹಟ ಹಿಡಿಯಿತು.

ಹಟಕ್ಕೆ ಕಾರಣವೂ ಇತ್ತು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಇದು ನಾನು ಮಾಡಿದ್ದು ಎಂದು ತೋರಿಸಲು ಮೇಷ್ಟ್ರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹುಡುಗರು ಪಾಸಾದರೆ ಅವರ ಬುದ್ಧಿ, ಫೇಲಾದರೆ ನಮ್ಮ ಪಾಠ. ಒಂದಾದರೂ ವಸ್ತುವನ್ನು ಮೊದಲಿಂದ ಕೊನೆಯವರೆಗೆ ಸ್ವಂತ ಕೈಯಿಂದ ಮಾಡಿ, ಸರಿಯಾಗಿ ಬಂದಿದೆ ಎನ್ನಿಸಿಕೊಳ್ಳುವ ಆಸೆ ನನಗೆ.

ಶಾರದೆ ಮೂಗು ಮುರಿಯಲಿಲ್ಲ. ಅವಳ ತವರು ಜಂಗಮಕೋಟೆ. ರೇಷ್ಮೆ ಹುಳುಗಳ ಜೊತೆ ಒಂದೇ ಸೂರಿನಡಿ ಬೆಳೆದವಳಿಗೆ ಬಿಯರಿನ ಹುಳಿವಾಸನೆ ಯಾವ ಲೆಕ್ಕ? ಹಬ್ಬಕ್ಕೆ ಹೋಳಿಗೆಯ ಬೇಳೆ ಬೇಯಿಸುವ ತನ್ನ ದೊಡ್ಡ ಪಾತ್ರೆಯನ್ನೇ ಕೊಟ್ಟಳು.

ಈ ಬಿಯರಿನ ಗುಟ್ಟೇನೆಂದರೆ, ಕೆಂಪು ಬರಿಸುವುದು ಯಾವ ಕೆಂಪು ಪದಾರ್ಥವೂ ಅಲ್ಲ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ಜೊತೆಗೆ, ಕಾಫಿ ಬೀಜದಂತೆ ಕಪ್ಪಗೆ ಹುರಿದ ಬಾರ್ಲಿಯನ್ನು ಒಂದು ಹಿಡಿ ಸೇರಿಸಬೇಕು. ಆ ಕಪ್ಪೇ ನೀರಿನಲ್ಲಿ ಹರಡಿ ಕೆಂಪಾಗುತ್ತದೆ. ಹಿಡಿ ಸ್ವಲ್ಪ ದೊಡ್ಡದಾದರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಮನುಷ್ಯರ ಸಿಟ್ಟಿಗೂ ಇದೇ ನಿಯಮವಿರಬೇಕು ಎಂದು ಪಾತ್ರೆ ಕದಡುತ್ತ ಯೋಚಿಸುತ್ತಿದ್ದೆ. ಮೇಷ್ಟ್ರುಗಿರಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಮೊದಲ ಸಲ ಬಿಯರು ಕಪ್ಪಾಯಿತು. ಹುರಿದದ್ದನ್ನು ಕಡಿಮೆ ಮಾಡಿದೆ, ಮತ್ತೂ ಕಪ್ಪು. ನಮ್ಮ ಸೀಮೆಯವರ ಬುದ್ಧಿ ಎಲ್ಲಿ ಸುತ್ತಿದರೂ ರಾಗಿಗೇ ಬಂದು ನಿಲ್ಲುತ್ತದಲ್ಲ. ರಾಗಿ ಕೆಂಪಲ್ಲವೇ ಎಂದು ಮುಂದಿನ ಸಲ ಅದನ್ನೂ ಸುರಿದೆ. ಶಾರದೆ ಇಣುಕಿ ನೋಡಿ, "ಏನ್ರೀ ಇದು, ಮಂಚೇನಹಳ್ಳಿ ಕಡೆ ಕೆರೆ ನೀರಾ?" ಎಂದಳು. ಪಕ್ಕದ ಮನೆಯ ರೆಡ್ಡಿಯವರು ಮಾತ್ರ ಎಲ್ಲವನ್ನೂ ಸಂತೋಷದಿಂದ ಕುಡಿದರು. ಚಿಂತಾಮಣಿ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. "ಟೇಸ್ಟು ಬಾಗುಂದಿ ಸಾರ್. ಕಲರ್ ಕಟ್ಕೊಂಡು ಏನ್ ಮಾಡ್ತೀರಿ?"

ಅಷ್ಟರಲ್ಲಿ ಹಬ್ಬ ಹತ್ತಿರ ಬಂತು. "ಈ ಸಲಾನೂ ಕೆಂಪು ಬರ್ಲಿಲ್ಲ ಅಂದ್ರೆ ನನ್ ಪಾತ್ರೆ ನಂಗೆ ಕೊಟ್ಬಿಡಿ, ಆಮೇಲೆ ಕೇಳ್ಬಾರ್ದು" ಎಂದಳು ಶಾರದೆ. ಒಪ್ಪಿಕೊಂಡೆ. ಬಾರ್ಲಿಯನ್ನು ತೂಗಿ ತೂಗಿ ಹಾಕಿದೆ. ಬಿಯರು ಹುಳಿತು ಕಂದು ಸೀಸೆಗಳಲ್ಲಿ ಕೂತಿದ್ದಷ್ಟು ದಿನವೂ ಬಣ್ಣ ಕಾಣದೆ ಒದ್ದಾಡಿದೆ.

ಸೀಸೆ ತೆರೆಯುವ ದಿನ ರೆಡ್ಡಿಯವರು ಕರೆಯದೆಯೇ ಬಂದು ಕೂತರು. ಎಂದಿನಂತೆ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಇಣುಕಿದೆ. ಕಪ್ಪು. ಈ ವಯಸ್ಸಿನಲ್ಲಿ ಬಿಯರಿಗಾಗಿ ಅಳುವುದು ಚೆಂದವಲ್ಲ ಎಂದು ಸುಮ್ಮನೆ ಹಿತ್ತಿಲಿಗೆ ಹೋಗಿ, ಹುಣಸೆಹಣ್ಣು ಹಚ್ಚಿ ಪಾತ್ರೆ ಉಜ್ಜತೊಡಗಿದೆ.

ಶಾರದೆ ಹಿಂದೆಯೇ ಬಂದಳು. "ಇರೀ. ಆ ಲೋಟದಲ್ಲಿ ನನ್ ಸಾರೂ ಕಪ್ಪಗೇ ಕಾಣ್ಸುತ್ತೆ."

ಒಳಗೆ ಹೋಗಿ ಶೋಕೇಸಿನ ಬೀಗ ತೆಗೆದಳು. ನಮ್ಮ ಕಡೆಯ ಮನೆಗಳ ಶೋಕೇಸಿನಲ್ಲಿ ಮದುವೆಗೆ ಬಂದ ಗಾಜಿನ ಲೋಟದ ಸೆಟ್ಟು ಒಂದು ಇದ್ದೇ ಇರುತ್ತದೆ. ಅದು ಯಾರೋ ದೊಡ್ಡ ನೆಂಟರಿಗಾಗಿ. ಆ ನೆಂಟರು ಎಂದೂ ಬರುವುದಿಲ್ಲ. ಮಗಳನ್ನು ಕೊಟ್ಟ ಬೀಗರು ಬಂದಾಗಲೂ ಇಳಿಯದ ಲೋಟವನ್ನು ಅವಳು ಸೆರಗಿನಿಂದ ಒರೆಸಿ, ಬಿಯರು ಬಗ್ಗಿಸಿ ಕಿಟಕಿಗೆ ಹಿಡಿದಳು.

ಕೆಂಪು! ನೊರೆಯ ಕೆಳಗೆ ತಿಳಿಯಾದ, ಬಿಸಿಲು ತುಂಬಿದ ಕೆಂಪು.

"ಕೆಂಪಗೇ ಇದೆಯಲ್ರೀ!" ಅವಳ ದನಿಯಲ್ಲಿ ನನಗಿಂತ ಹೆಚ್ಚು ಸಂಭ್ರಮವಿತ್ತು. ನನಗೆ ಕಣ್ಣು ತುಂಬಿ ಬಂತು. ವರ್ಷವರ್ಷವೂ 'ಬೆಳಕು' ಎಂಬ ಪಾಠ ಮಾಡಿದವನು, ಬೆಳಕು ತೂರದ ಲೋಟದಲ್ಲಿ ಬಣ್ಣ ಹುಡುಕುತ್ತಿದ್ದೆ. ಹಾಗಾದರೆ ರಾಗಿಯ ರಾಡಿಯೊಂದನ್ನು ಬಿಟ್ಟು ಹಿಂದಿನವೂ ಕೆಂಪಾಗಿಯೇ ಇದ್ದವೋ ಏನೋ, ರೆಡ್ಡಿಯವರ ಹೊಟ್ಟೆಗೇ ಗೊತ್ತು.

ಪಾತ್ರೆಯ ಮಾತು ಮತ್ತೆ ಬರಲಿಲ್ಲ. ಹಬ್ಬಕ್ಕೆ ತವರಿನಿಂದ ಬೇರೊಂದು ತರಿಸಿಕೊಂಡಳು.

ಮರುದಿನ ಬೆಳಿಗ್ಗೆ ಕಾಫಿ ಗಾಜಿನ ಲೋಟದಲ್ಲಿ ಬಂತು. ಪೇಪರಿನಿಂದ ಕಣ್ಣೆತ್ತದೆ ಬಾಯಿಗಿಡಲು ಹೋದೆ.

"ಹಂಗೇ ಕುಡ್ದುಬಿಡ್ಬೇಡಿ" ಎಂದಳು ಶಾರದೆ. "ಇಷ್ಟು ವರ್ಷದಿಂದ ನಾನೂ ಮಾಡ್ತಾ ಇದೀನಿ. ಒಂದ್ಸಲ ಬೆಳಕಿಗೆ ಹಿಡ್ದು ನೋಡಿ."