ಹಾಲಪ್ಪನ ಕಾಯಿದೀಪ

ಹೊನ್ನಾಳಿಯ ಮೆಣಸಿನಕಾಯಿ ಎಂಥ ಖಾರವೆಂದರೆ, ಒಮ್ಮೆ ಒಬ್ಬ ಲಾರಿ ಡ್ರೈವರ್ ಎರಡು ಮಿರ್ಚಿ ತಿಂದು ತುಂಗಭದ್ರೆಗೆ ಬಾಯಿ ಹಚ್ಚಿದನಂತೆ. ಕೆಳಗೆ ಹರಿಹರದಲ್ಲಿ ಹೊಳೆ ಬತ್ತಿ, ಜನ ಚಪ್ಪಲಿ ಕೂಡ ಬಿಚ್ಚದೆ ಆಚೆ ದಡಕ್ಕೆ ನಡೆದುಹೋದರಂತೆ. ಈ ಕಥೆಯನ್ನು ಹಾಲಪ್ಪ ಎರ್ನಾಕುಲಂನ ತನ್ನ ಬ್ಯಾಂಕಿನಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದೇ ತಪ್ಪಾಯಿತು. ಇಂಗ್ಲಿಷಿಗೆ ಹೋಗಿ ಮುಟ್ಟುವಷ್ಟರಲ್ಲಿ ಖಾರವೆಲ್ಲ ಹಾರಿ, ಯಾರೋ ಒಬ್ಬರು ನೀರು ಕುಡಿದರು ಎನ್ನುವಷ್ಟೇ ಉಳಿದಿತ್ತು. ಪಕ್ಕದ ಮೇಜಿನ ಹುಡುಗಿ ನಿಶಾ ಕನಿಕರದಿಂದ, "ನೀರು ಬೇಕಾ ಸರ್?" ಎಂದು ತನ್ನ ಬಾಟಲಿಯನ್ನೇ ಮುಂದೆ ಹಿಡಿದಳು.

ಬುರುಡೆ ಬಿಡುವವನಿಗೆ ಕೇಳುವ ಕಿವಿ ಬೇಕು. ಹಾಲಪ್ಪನ ಎರಡು ಜೊತೆ ಕಿವಿಗಳು ತಿರುವನಂತಪುರದಲ್ಲಿದ್ದವು. ಹೆಂಡತಿ ಪ್ರೇಮಾಳಿಗೆ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ. ಮಗ ಧ್ರುವ ಅಲ್ಲೇ ಪಿಯುಸಿ. ಹಾಲಪ್ಪನಿಗೆ ಕೊಚ್ಚಿಗೆ ವರ್ಗವಾದಾಗ, ರಾಕೆಟ್ ಹಾರಿಸುವವಳನ್ನು ಎಬ್ಬಿಸಿಕೊಂಡು ಹೋಗುವುದಕ್ಕಾಗುತ್ತದೆಯೇ ಎಂದು ಅವನೊಬ್ಬನೇ ಟ್ರಂಕು ಹೊತ್ತು ಕಳಮಶ್ಶೇರಿಯ ಫ್ಲಾಟೊಂದಕ್ಕೆ ಬಂದ. ಪ್ರತಿ ಶನಿವಾರ ರೈಲು ಹತ್ತಿ ಪ್ರೇಮಾಳ ಕ್ವಾರ್ಟರ್ಸಿಗೆ ಹೋಗುತ್ತಿದ್ದ, ಸೋಮವಾರ ಕತ್ತಲಿರುವಾಗಲೇ ವಾಪಸು. ಆ ರೈಲಿಗೆ ಅವನ ಮುಖ ಎಷ್ಟು ಪರಿಚಯವಾಗಿತ್ತೆಂದರೆ, ಅವನು ಓಡಿಬರುವುದು ಕಂಡರೆ ಇಂಜಿನ್ನೇ ಒಂದು ನಿಟ್ಟುಸಿರು ಬಿಟ್ಟು ನಿಲ್ಲುತ್ತಿತ್ತು ಎಂದು ಅವನೇ ಹೇಳುತ್ತಿದ್ದ.

ಹೀಗಿರುವಾಗ ಮಗನಿಗೆ ಅಪ್ಪನ ಮೇಲೆ ಮರುಕ ಹುಟ್ಟಿತು. ಕ್ವಾರ್ಟರ್ಸಿನ ಷೆಡ್ಡಿನಲ್ಲಿ ಎರಡು ಬೆಕ್ಕಿನ ಮರಿ ಸಿಕ್ಕವು, ಒಂದು ಬೆಳ್ಳಗೆ, ಒಂದು ಕೆಂಪಗೆ. ಪ್ರೇಮಾಳಿಗೋ ಬೆಕ್ಕಿನ ಕೂದಲು ಕಂಡರೇ ಸೀನು.

"ಅಪ್ಪ ತಗೊಂಡು ಹೋಗಲಿ ಬಿಡು. ಅಲ್ಲಿ ಗೋಡೆ ಜೊತೆ ಮಾತಾಡ್ತಾರೆ, ಇವುಗಳ ಜೊತೆ ಮಾತಾಡ್ಲಿ" ಎಂದಳು ಪ್ರೇಮ.

ಹಾಲಪ್ಪ ಬಿಳಿಯದಕ್ಕೆ ಮಂಡಕ್ಕಿ ಎಂದೂ ಕೆಂಪಿಗೆ ಮಿರ್ಚಿ ಎಂದೂ ಹೆಸರಿಟ್ಟು, ಬುಟ್ಟಿಯಲ್ಲಿ ಹಾಕಿಕೊಂಡು ರೈಲು ಹತ್ತಿದ. ಕಾಯಂಕುಳಂ ಹತ್ತಿರ ಟಿಕೆಟ್ ನೋಡುವವನು ಬುಟ್ಟಿ ಅಲ್ಲಾಡುವುದನ್ನು ಕಂಡು ಒಳಗೇನೆಂದು ಕೇಳಿದ.

"ಮಂಡಕ್ಕಿ ಮಿರ್ಚಿ ಸರ್. ನಮ್ಮೂರ ತಿಂಡಿ."

"ತಿಂಡಿ ಮಿಯಾಂವ್ ಅನ್ನುತ್ತಾ?"

"ಹಸಿದಿರೋರಿಗೆ ಹಂಗೆ ಕೇಳಸ್ತತೆ ಸರ್" ಎಂದ ಹಾಲಪ್ಪ. ಟಿಕೆಟಿನವನು ನಕ್ಕು ಮುಂದೆ ಹೋದ. ಕೇರಳದಲ್ಲಿ ತನ್ನ ಮಾತಿಗೆ ನಕ್ಕ ಮೊದಲ ಮನುಷ್ಯ ಎಂದು ಹಾಲಪ್ಪ ಅವನನ್ನು ಇವತ್ತಿಗೂ ನೆನೆಯುತ್ತಾನೆ.

ಬೆಕ್ಕು ಬಂದವು, ಕಷ್ಟವೂ ಬಂತು. ಹಾಲಪ್ಪ ಕೊರಳಲ್ಲಿ ಲಿಂಗ ಕಟ್ಟಿದವನು, ಮೊಟ್ಟೆಯನ್ನು ಕೂಡ ದೂರದಿಂದ ನೋಡಿದವನು. ಮಂಡಕ್ಕಿ, ಮಿರ್ಚಿ ಕೇರಳದ ಮಣ್ಣಿನಲ್ಲಿ ಹುಟ್ಟಿದವು, ಮತ್ತಿ ಮೀನಲ್ಲದೆ ಬೇರೇನೂ ಮೂಸುತ್ತಿರಲಿಲ್ಲ. ಮೊಸರನ್ನ ಇಟ್ಟರೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ಅವನ ಮುಖ ನೋಡುತ್ತಿದ್ದವು. ಕೊನೆಗೆ ಅವನು ಲಿಂಗದ ಕರಡಿಗೆಯನ್ನು ಬೆನ್ನ ಕಡೆಗೆ ತಿರುಗಿಸಿಕೊಂಡು, ಮೂಗು ಮುಚ್ಚಿಕೊಂಡು, ಮೆಟ್ರೋ ಕೆಳಗಿನ ಮೀನಿನಂಗಡಿಗೆ ಹೋದ. ತಿಂಗಳೊಪ್ಪತ್ತಿನಲ್ಲಿ ಯಾವ ಮತ್ತಿ ತಾಜಾ, ಯಾವುದು ಐಸಿನಲ್ಲಿ ಮಲಗಿದ್ದು ಎನ್ನುವುದು ಕಣ್ಣು ಮುಚ್ಚಿದರೂ ಗೊತ್ತಾಗುವ ಹಾಗಾಯಿತು. ಕಣ್ಣು ಮುಚ್ಚಿಕೊಂಡೇ ಕೊಳ್ಳುತ್ತಿದ್ದನಲ್ಲ, ಹಾಗಾಗಿ.

ದೊಡ್ಡ ಕಷ್ಟ ಅದಲ್ಲ. ಬೆಕ್ಕುಗಳನ್ನು ಬಿಟ್ಟು ಶನಿವಾರ ಹೊರಡುವುದು ಹೇಗೆ? ಕೀಲಿಕೈ ಕೊಡೋಣವೆಂದರೆ ಆ ಕಟ್ಟಡದಲ್ಲಿ ಅವನಿಗೆ ಗುರುತಿದ್ದದ್ದು ಲಿಫ್ಟು ಮಾತ್ರ. ಎದುರು ಮನೆಯ ಜಾಯ್ಸ್ ಎಂಬಾಕೆ ಬಾಗಿಲಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದಳು, ಕೆಳಗಿನ ಮಹಡಿಯ ಕಾರ್ತಿಕೇಯನ್ ಎಂಬ ನಿವೃತ್ತ ಫ್ಯಾಕ್ಟರಿ ಮೇಸ್ತ್ರಿ, ನಿವಾಸಿಗಳ ಸಂಘದ ಕಾರ್ಯದರ್ಶಿ, ನೀರಿನ ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿದ್ದ. ಅಂತೂ ಒಂಟಿತನ ಕಳೆಯಲೆಂದು ಕೊಟ್ಟ ಬೆಕ್ಕುಗಳೇ ಹಾಲಪ್ಪನ ರೈಲನ್ನು ತಪ್ಪಿಸಿದವು. ಒಂದು ಶನಿವಾರ ಹೋಗಲಿಲ್ಲ, ಇನ್ನೊಂದು ಹೋಗಲಿಲ್ಲ, ಆಮೇಲೆ ಪ್ರೇಮ "ಬರ್ತೀರಾ?" ಎಂದು ಕೇಳುವುದನ್ನೂ ಬಿಟ್ಟಳು. ಮಗ ಫೋನಿನಲ್ಲಿ ಬೆಕ್ಕುಗಳನ್ನು ತೋರಿಸಲು ಹೇಳುತ್ತಿದ್ದ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳಂನಲ್ಲಿ ಉತ್ತರ ಕೊಟ್ಟು, ಬೆಕ್ಕು ಕಂಡ ಮೇಲೆ ಇಟ್ಟುಬಿಡುತ್ತಿದ್ದ.

ಹಾಲಪ್ಪ ಬೆಕ್ಕುಗಳಿಗೇ ಕಥೆ ಹೇಳತೊಡಗಿದ. "ಉಣ್ಣವ್ವಾ, ಎಲ್ಡು ತುತ್ತು ಉಣ್ಣು. ಮಲ್ಕೋ ನನ್ನವ್ವಾ, ಹೊತ್ತಾತು" ಎಂದು ಅವನು ಹೇಳುವುದು ಗೋಡೆಯಾಚೆಗೂ ಕೇಳುತ್ತಿತ್ತು.

ದೀಪಾವಳಿ ಬಂತು. "ಈ ಸಲ ನಾವೇ ಬರ್ತೀವಿ" ಎಂದಳು ಪ್ರೇಮ. ಆ ಮನೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಹಾಲಪ್ಪ ಏಣಿ ತಂದು ಗೋಡೆಗೆ ತಾನೇ ಹಳದಿ ಬಣ್ಣ ಬಳಿದ. ಮಿರ್ಚಿ, ಕಿಟಕಿಗೆಂದು ತಂದ ಹಸಿರು ಬಣ್ಣದ ಡಬ್ಬಿಗೆ ಬಾಲ ಅದ್ದಿ ಗೋಡೆಯುದ್ದಕ್ಕೂ ಒಂದು ಗೆರೆ ಎಳೆದಿತ್ತು. ಅಳಿಸಲು ಮನಸ್ಸಾಗದೆ ಅದನ್ನೇ ಬಾರ್ಡರ್ ಅಂದುಕೊಂಡ. ಪರದೆ ತಂದ, ಕೂರಲು ಚಾಪೆ ತಂದ, ಚಾಪೆಗೆ ಹಾಸಲು ಮಲಯಾಳಿಗಳು ಉಡುವ ಜರಿಯಂಚಿನ ಬಿಳಿ ಪಂಚೆ, ಮುಂಡು, ತಂದ. ಊರಿನಿಂದ ತರಿಸಿದ ಮಂಡಕ್ಕಿಯನ್ನು ಮೂರು ಜನಕ್ಕೆಂದು ಹೊರಟು ಮೂವತ್ತು ಜನಕ್ಕಾಗುವಷ್ಟು ಒಗ್ಗರಣೆ ಹಾಕಿದ, ಊರ ಮೆಣಸಿನಕಾಯಿಯ ಮಿರ್ಚಿಯನ್ನೂ ಕರಿದ. ಸಂಘದ ವಾಟ್ಸಾಪಿನಲ್ಲಿ, ಸಂಜೆ ಚಹಾಕ್ಕೆ ಎಲ್ಲರೂ ಬನ್ನಿ ಎಂದು ಬರೆದ. ಎರಡು ಹೆಬ್ಬೆಟ್ಟು ಬಂದವು. ಅಷ್ಟೆ.

ಮಧ್ಯಾಹ್ನ ವೈಟ್ಟಿಲದ ಬಸ್ ನಿಲ್ದಾಣಕ್ಕೆ ಹೋಗಿ ಕಾದ. ಪಳಂಪೊರಿ ಕರಿಯುವವನ ಮುಂದೆ ನಿಂತು, ಬಾಳೆಹಣ್ಣು ಎಣ್ಣೆಯಲ್ಲಿ ಉಬ್ಬುವುದನ್ನು ನೋಡುತ್ತ, ಮಗನಿಗೆ ಇಷ್ಟವೆಂದು ಒಂದಷ್ಟು ಕಟ್ಟಿಸಿಕೊಂಡ. ಬಸ್ಸುಗಳು ಬಂದವು, ಹೋದವು. ಆಮೇಲೆ ಫೋನು.

"ರೀ, ಧ್ರುವನಿಗೆ ಸ್ಪೆಷಲ್ ಕ್ಲಾಸ್ ಹಾಕ್ಬಿಟ್ಟಿದ್ದಾರೆ. ನನಗೂ ರಿವ್ಯೂ ಅಂತೆ. ಇನ್ನೊಂದ್ಸಲ ಬರ್ತೀವಿ, ಆಯ್ತಾ?"

"ಆತು ಬಿಡು. ಅದಕ್ಕೇನೀಗ" ಎಂದ ಹಾಲಪ್ಪ.

ಮನೆಗೆ ಬಂದರೆ, ಊರಿನಿಂದ ತರಿಸಿದ್ದ ಮಣ್ಣಿನ ಹಣತೆಗಳನ್ನೆಲ್ಲ ಬೆಕ್ಕುಗಳು ಶೆಲ್ಫಿನಿಂದ ಕೆಡವಿ ಚೂರು ಮಾಡಿದ್ದವು. ಹಬ್ಬದ ದಿನ ಮನೆ ಕತ್ತಲಾಗಿರಬಾರದಲ್ಲ. ಹೊನ್ನಾಳಿಯಲ್ಲಿ ಅವನ ತಾಯಿ ಕಾರ್ತಿಕದಲ್ಲಿ ಆಂಜನೇಯನ ಮುಂದೆ ತೆಂಗಿನಕಾಯಿಯ ಹೋಳಿನಲ್ಲಿ ಎಣ್ಣೆ ಹಾಕಿ ದೀಪ ಹಚ್ಚುತ್ತಿದ್ದಳು. ಹಾಲಪ್ಪ ಒಂದು ಕಾಯಿ ಒಡೆದ. ಒಂದು ಹೋಳನ್ನು ಹಾಸಿದ ಮುಂಡಿನ ಈ ತುದಿಗೆ, ಒಂದನ್ನು ಆ ತುದಿಗೆ ಇಟ್ಟು ಬತ್ತಿ ಹಚ್ಚಿದ. ದೀಪ ಚೆನ್ನಾಗಿ ಕಾಣಲೆಂದು ಲೈಟು ಆರಿಸಿದ. ಲಕ್ಷ್ಮಿ ಬರಲೆಂದು ಬಾಗಿಲು ತೆರೆದಿಟ್ಟ. ಬೆಕ್ಕುಗಳು ಮುಂಡಿನ ಕೆಳಗೆ ನುಸುಳಿ ಒಂದರ ಹಿಂದೊಂದು ಉದ್ದಕ್ಕೆ ಮಲಗಿದವು. ಹಾಲಪ್ಪ ಪಕ್ಕದಲ್ಲಿ ಕೂತು ತಲೆ ಮೇಲೆ ಕೈ ಹೊತ್ತ.

ಸಂಜೆಯ ಕಸದ ಬಕೆಟ್ ಪರೀಕ್ಷೆಗೆ ಮಹಡಿ ಹತ್ತಿದ್ದ ಕಾರ್ತಿಕೇಯನ್ ಬಾಗಿಲಲ್ಲಿ ಇಣುಕಿದ. ಕೇರಳದ ಮನೆಗಳಲ್ಲಿ ತೆಂಗಿನ ಹೋಳಿನ ದೀಪವನ್ನು ನೆಲದ ಮೇಲೆ ತಲೆಗೊಂದು ಕಾಲಿಗೊಂದು ಹಚ್ಚಿಡುವುದು ಹೆಣದ ಬಳಿ. ಬಿಳಿ ಬಟ್ಟೆ ಮುಚ್ಚಿದ ಸಣ್ಣ ದೇಹ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹಾಲಪ್ಪ. ಕಾರ್ತಿಕೇಯನ್ ಚಪ್ಪಲಿ ಬಿಟ್ಟು, ಹೆಗಲ ಟವೆಲು ಇಳಿಸಿ, ಕೈಮುಗಿದು, ಸದ್ದಿಲ್ಲದೆ ಹಿಂದೆ ಸರಿದ.

ಆ ಮನೆಯಲ್ಲಿ ಯಾರ‍್ಯಾರಿದ್ದಾರೆ ಎನ್ನುವುದು ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ದಿನವೂ ಅವ್ವಾ, ಅವ್ವಾ ಎಂದು ಯಾರಿಗೋ ಉಣಿಸುವುದು, ಮಲಗಿಸುವುದು ಜಾಯ್ಸ್ ಕಿವಿಗೆ ಬಿದ್ದಿತ್ತು. "ಅಯ್ಯೋ, ಅಮ್ಮ! ಹಾಸಿಗೆ ಹಿಡಿದಿದ್ದ ಅಮ್ಮ!" ಎಂದು, ಕಾರ್ತಿಕೇಯನ್ ಬಂದು ಸುದ್ದಿ ಹೇಳಿದಾಗ ಅವಳು ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. ಸುದ್ದಿ ಮಹಡಿಯಿಂದ ಮಹಡಿಗೆ ಇಳಿಯಿತು.

ಹಾಲಪ್ಪ ತಲೆ ಎತ್ತಿ ನೋಡುತ್ತಾನೆ, ಮನೆ ತುಂಬ ಜನ! ಚಹಾಕ್ಕೆ ಕರೆದಿದ್ದು ನೆನಪಾಗಿ ಅವನ ಮುಖ ಅರಳಿತು. ಬಂದವರೆಲ್ಲ ಬಿಳಿ ಬಟ್ಟೆಯಲ್ಲಿದ್ದರು, ಹಬ್ಬಕ್ಕೆ ಮಲಯಾಳಿಗಳು ಹೀಗೇ ಇರಬೇಕು ಎಂದುಕೊಂಡ. ಇಬ್ಬರು ಸಂಘದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತು ತಂದು ಸಾಲಾಗಿ ಹಾಕಿದರು. ಎಂಥ ಒಳ್ಳೆ ಜನ, ಕುರ್ಚಿಯನ್ನೂ ಅವರೇ ತರುತ್ತಾರೆ! ಜಾಯ್ಸ್ ದೊಡ್ಡ ಪಾತ್ರೆಯಲ್ಲಿ ಹಾಲಿಲ್ಲದ ಕಟ್ಟನ್ ಚಾಯ ತಂದಿದ್ದಳು. ಕಾರ್ತಿಕೇಯನ್ ಮುಂಡಿನ ಕಡೆ ನೋಡುತ್ತ ಅವನ ಕೈ ಹಿಡಿದು ಒತ್ತಿದ.

"ಎಷ್ಟು ವಯಸ್ಸಾಗಿತ್ತು ಸಾರೇ?"

"ಆರು ತಿಂಗಳು" ಎಂದ ಹಾಲಪ್ಪ.

 ಹಿಂದೆ ಯಾರೋ ಹೆಂಗಸು ಬಿಕ್ಕಿದಳು. ಜಾಯ್ಸ್ ಮಂಡಿಯೂರಿ, ಮುಖ ನೋಡೋಣವೆಂದು ಮುಂಡಿನ ಅಂಚಿಗೆ ಕೈ ಚಾಚಿದಳು. ಅವಳ ಕೈಯಲ್ಲಿ ಮಧ್ಯಾಹ್ನದ ಕರಿಮೀನಿನ ಘಮವಿತ್ತು. ಹೆಣ ಎದ್ದು ಕೂತಿತು. ಕಾರ್ತಿಕೇಯನ್ ಹಾರಿದ ಹಾರಿಕೆ ಎಂಥದೆಂದರೆ, ಫ್ಯಾನಿನ ರೆಕ್ಕೆಯ ಧೂಳು ಅವನ ಬೋಳುತಲೆಗೆ ಅಂಟಿತ್ತು ಎಂದು ಹಾಲಪ್ಪ ಆಣೆ ಮಾಡಿ ಹೇಳುತ್ತಾನೆ.

ಮುಂಡಿನೊಳಗಿಂದ ಮೊದಲು ಮಂಡಕ್ಕಿ ಬಂತು, ಆಮೇಲೆ ಮಿರ್ಚಿ.

ಮೊದಲು ನಕ್ಕವಳು ಜಾಯ್ಸ್. ಆಮೇಲೆ ಕಟ್ಟಡವೇ ನಕ್ಕಿತು. ಕಾಯಿದೀಪದ ಅರ್ಥವನ್ನು ಕಾರ್ತಿಕೇಯನ್ ಬೈಯುತ್ತಲೇ ವಿವರಿಸಿದ, "ಬದುಕಿರುವವರ ಮನೆಯಲ್ಲಿ ಹೀಗೆ ಹಚ್ಚುತ್ತಾರೇನಯ್ಯಾ, ಕನ್ನಡಕ್ಕಾರಾ!" ಹಾಲಪ್ಪ ಮೂವತ್ತು ಜನರ ಮಂಡಕ್ಕಿಯನ್ನು ತಂದಿಟ್ಟ. ಕರಿದ ಮಿರ್ಚಿ ತಿಂದ ಕಾರ್ತಿಕೇಯನ್ ಚಾಯ ಪಾತ್ರೆಗೇ ಬಾಯಿ ಹಾಕಿದ. ಹಾಲಪ್ಪ ಲಾರಿ ಡ್ರೈವರನ ಕಥೆಯನ್ನು ತನಗೆ ಬಂದಷ್ಟು ಮಲಯಾಳಂನಲ್ಲಿ ಹೇಳಿದ. ಈ ಸಲ ಹೊಳೆ ಬತ್ತಿತು.

"ಹೆಂಡತಿ ಮಗ ಯಾಕೆ ಬರಲಿಲ್ಲ?" ಎಂದು ಜಾಯ್ಸ್ ಕೇಳಿದಳು. ಹಾಲಪ್ಪ ಹೇಳಿದ. ತಾನು ಯಾಕೆ ಹೋಗುತ್ತಿಲ್ಲ ಎಂಬುದನ್ನೂ ಹೇಳಿದ.

"ಇಷ್ಟೇನಾ? ಕೀಲಿಕೈ ಇಲ್ಲಿ ಕೊಡಿ ಚೇಟ್ಟಾ. ಈ ಶನಿವಾರ ಹೊರಡಿ. ಎದುರು ಬಾಗಿಲು ತಟ್ಟೋಕೆ ನಿಮಗೆ ಹೆಣ ಬೇಕಾಯಿತಲ್ಲ!"

ಎಲ್ಲರೂ ಹೋದ ಮೇಲೆ ಕುರ್ಚಿಗಳು ಉಳಿದವು. ಬೆಳಿಗ್ಗೆ ಒಯ್ಯುತ್ತೇವೆ ಎಂದಿದ್ದರು. ಹಾಲಪ್ಪ ಖಾಲಿ ಸಾಲುಗಳ ಎದುರು ಸ್ವಲ್ಪ ಹೊತ್ತು ಕೂತು, ಮಿಕ್ಕ ಪಳಂಪೊರಿ ತಿಂದ. ಆರಿದ ಮೇಲೆ ಅದು ಚರ್ಮದ ಹಾಗಿರುತ್ತದೆ.

ಶನಿವಾರ ರೈಲು ಹತ್ತಿದ. ಇಂಜಿನ್ ಅವನನ್ನು ಗುರುತಿಸಿತೋ ಇಲ್ಲವೋ, ಅದರ ಬಗ್ಗೆ ಈ ಸಲ ಅವನು ಏನೂ ಹೇಳಿಲ್ಲ. ಯಾರಿಗೂ ತಿಳಿಸದೆ ಹೊರಟಿದ್ದ. ಕ್ವಾರ್ಟರ್ಸಿನ ಬಾಗಿಲು ತೆಗೆದು ಒಳಗೆ ಹೋದರೆ ಯಾರೂ ಇರಲಿಲ್ಲ. ಗೋಡೆಗೆ ಹೊಸ ಬಣ್ಣ, ತಿಳಿನೀಲಿ. ಕಿಟಕಿ ಹತ್ತಿರದ ಅವನ ಮಂಚವಿದ್ದ ಜಾಗದಲ್ಲಿ ಧ್ರುವನ ಓದುವ ಮೇಜು, ಅದರ ಮೇಲೆ ಬಗ್ಗಿದ ದೀಪ. ಮಂಚವನ್ನು ಬಿಚ್ಚಿ ಷೆಡ್ಡಿಗೆ ಹಾಕಿದ್ದರು. ಅಂದವಾಗಿಯೇ ಇತ್ತು, ಅದನ್ನು ಅವನು ಒಪ್ಪಿದ. ಕೈಚೀಲವನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡು ಸೋಫಾದಲ್ಲಿ ಕೂತ.

ಸಂಜೆ ಪ್ರೇಮ ಬಂದಳು, ಹಿಂದೆಯೇ ಮಗ.

"ಅಯ್ಯೋ, ಫೋನ್ ಮಾಡಬಾರದಿತ್ತಾ? ನೀವು ಬರಲ್ಲ ಅಂದ್ಕೊಂಡು..." ಅವಳು ಮೇಜಿನ ಕಡೆ ನೋಡಿದಳು.

"ಚಲೋ ಆಗೈತೆ. ಗಾಳಿ ಬರ್ತತೆ, ಓದಾಕೆ ಒಳ್ಳೇದು" ಎಂದ ಹಾಲಪ್ಪ. "ನಾನು ಇಲ್ಲೇ ಸೋಫಾದಾಗೆ ಮಲ್ಕಂತೀನಿ. ಒಂದು ದಿನಕ್ಕೇನು."

ಊಟಕ್ಕೆ ಕೂತಾಗ ಹೆಣದ ಕಥೆ ಹೇಳಬೇಕೆಂದು ಅವನು ರೈಲಿನುದ್ದಕ್ಕೂ ಜೋಡಿಸಿಕೊಂಡಿದ್ದ. ಯಾಕೋ ಬಾಯಿಗೆ ಬರಲಿಲ್ಲ. ಯಾರು ಬರದೇ ಇದ್ದದ್ದರಿಂದ ಹಾಗಾಯಿತು ಎನ್ನುವುದನ್ನು ಬಿಟ್ಟು ಆ ಕಥೆ ಹೇಳಲು ಬರುವುದಿಲ್ಲವಲ್ಲ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಜಾಯ್ಸ್ ವಿಡಿಯೋ ಕರೆ ಮಾಡಿದ್ದಳು.

ಬೆಕ್ಕುಗಳನ್ನು ಕಂಡು "ಪೂಚ್ಚ!" ಎಂದು ಧ್ರುವ ಹಾರಿ ಬಂದು ಅಪ್ಪನಿಗೆ ಅಂಟಿ ಕೂತ. ಪ್ರೇಮ ಆಚೆ ಬದಿಗೆ ಬಂದು ಕೂತಳು. ದೂರದ ಬೆಕ್ಕಿಗೆ ಸೀನು ಬರುವುದಿಲ್ಲ. ಜಾಯ್ಸ್ ಫೋನು ತಿರುಗಿಸಿ ಮನೆಯನ್ನೆಲ್ಲ ತೋರಿಸಿದಳು. ಹಳದಿ ಗೋಡೆ, ಹೊಸ ಪರದೆ, ಚಾಪೆ, ಸಂಘದವರು ಒಯ್ಯಲು ಮರೆತ ಒಂದು ಕುರ್ಚಿ, ಅದರ ಮೇಲೆ ಮಂಡಕ್ಕಿ, ಅದರ ಬೆನ್ನಿಗೆ ತಲೆಯಿಟ್ಟ ಮಿರ್ಚಿ.

"ಎಷ್ಟು ಚೆನ್ನಾಗಿ ಮಾಡಿದ್ದೀರಿ ಮನೆನ" ಎಂದಳು ಪ್ರೇಮ. "ಗೋಡೆ ಮೇಲೆ ಆ ಗೆರೆ ಏನು?"

"ಅದು ಬಾರ್ಡರ್" ಎಂದ ಹಾಲಪ್ಪ.

ಮೂರು ಜನವೂ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತು ತಾವ್ಯಾರೂ ಇಲ್ಲದ ಆ ಮನೆಯನ್ನು ನೋಡಿದರು. ಕರೆ ಮುಗಿಯಿತು. ಧ್ರುವ ಎದ್ದು ತನ್ನ ಮೇಜಿಗೆ ಹೋಗಿ ದೀಪ ಹಾಕಿಕೊಂಡ. ಪ್ರೇಮ ದಿಂಬು ತರಲು ಒಳಗೆ ಹೋದಳು. ಹಾಲಪ್ಪ ಇಬ್ಬರ ನಡುವೆ ಕೂತಿದ್ದ ಜಾಗದಿಂದ ಸ್ವಲ್ಪವೂ ಅಲ್ಲಾಡದೆ, ಬೆಚ್ಚಗಿದ್ದ ಆ ಎರಡು ಬದಿಗಳ ಮೇಲೆ ಒಂದೊಂದು ಅಂಗೈ ಇಟ್ಟುಕೊಂಡು ಕೂತೇ ಇದ್ದ.