ಬಷೀರ್ ಅಹಮದರ ಹಿಂದೆ ಬಿದ್ದ ನವಿಲು

ಶಿಡ್ಲಘಟ್ಟದ ಬಷೀರ್ ಅಹಮದರಿಗೆ ಅರವತ್ತು ದಾಟಿದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ಅವರ ತಂದೆಯ ಕಸುಬು, ಅವರದೂ ಅದೇ. ಕೆಳಗೆ ನೂಲು ತೆಗೆಯುವ ಫಿಲೇಚರ್, ಮೇಲೆ ಸಂಸಾರ, ಅದರ ಮೇಲೆ ತಾರಸಿ. ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಬೆಂದ ಹುಳುಗಳನ್ನು ತಾರಸಿಯಲ್ಲಿ ಹರಡಿ ಒಣಗಿಸುತ್ತಾರೆ. ಮೀನು, ಕೋಳಿಗಳ ಮೇವಿಗೆಂದು ಅವನ್ನು ಕೊಳ್ಳುವವರಿದ್ದಾರೆ. ಆ ಹುಳುವಿನ ವಾಸನೆ ಎಂಥದು ಎಂಬುದನ್ನು ಹೊರಗಿನಿಂದ ಬಂದವರನ್ನೇ ಕೇಳಬೇಕು. ಈ ಮನೆಯಲ್ಲಿ ಅಂಥದ್ದೊಂದು ವಾಸನೆ ಇರುವುದು ಗೊತ್ತಿರುವವಳು ಗೌರಿಬಿದನೂರಿನ ಬಟ್ಟೆ ಅಂಗಡಿಯವರ ಮನೆಯಿಂದ ಬಂದ ಸೊಸೆ, ಮಗ ಯಾಸೀನನ ಹೆಂಡತಿ ನೌರೀನ್ ಮಾತ್ರ. ಮದುವೆಯಾಗಿ ಬಂದ ದಿನ ಮರ್ಯಾದೆಗೆ ಸುಮ್ಮನಿದ್ದಳು. ಆಮೇಲೆ ಹೇಳಲು ಸಂದರ್ಭವೇ ಒದಗಲಿಲ್ಲ.

ಬಷೀರ್ ಅಹಮದರದು ಒಂದು ಕಂದು ಸ್ವೆಟರ್. ಹುಳು ಕೊಳ್ಳುವವರಿಗೆ ತೋರಿಸಲೆಂದು ಒಂದು ಹಿಡಿ ಮಾದರಿಯನ್ನು ಅದರ ಬಲಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಜೇಬಿನ ತಳದಲ್ಲಿ ಬೆರಳು ತೂರುವಷ್ಟು ತೂತು. ಬೀದಿಯಲ್ಲಿ ಒಂದೆರಡು ಹುಳು ಉದುರಿದರೆ ಕೋಳಿಗಳು ನೋಡಿಕೊಳ್ಳುತ್ತಿದ್ದವು. "ಕೊಡಿ, ಹೊಲಿದು ಕೊಡ್ತೀನಿ" ಎಂದು ಹೆಂಡತಿ ಹಮೀದಾ ಬೇಗಂ ಹೋದ ಚಳಿಗಾಲದಿಂದ ಹೇಳುತ್ತಿದ್ದಾರೆ. "ನಾಳೆ ಕೊಡ್ತೀನಿ" ಎಂದು ಇವರು ಹೋದ ಚಳಿಗಾಲದಿಂದ ಹೇಳುತ್ತಿದ್ದಾರೆ.

ಹಮೀದಾ ಬೇಗಂ ಅವರಿಗೆ ಸಕ್ಕರೆ ಕಾಯಿಲೆ. ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. "ಅಡಿಗೆಮನೆಯಿಂದ ತಾರಸಿಗೆ ನಡೆಯೋದು ನಡಿಗೆ ಅಲ್ವಾ?" ಎನ್ನುವುದು ಆಕೆಯ ಉತ್ತರ. ಆಕೆಯ ಅಕ್ಕನಿಗೆ ಇದೇ ಕಾಯಿಲೆಯಲ್ಲಿ ಕಾಲಿನ ಬೆರಳು ತೆಗೆದಿದ್ದರು. ಆಸ್ಪತ್ರೆಗೆ ಹೋಗಿ ನೋಡಿಬಂದ ಬಷೀರ್ ಅಹಮದರು ಆ ಮಾತನ್ನು ಮನೆಯಲ್ಲಿ ಎತ್ತಿಲ್ಲ. ಅದರ ಬದಲು ದಿನಾ ಪೀಡಿಸಿದರು. ಕೊನೆಗೆ ಆಕೆ ಒಪ್ಪಿದ್ದು ಒಂದು ಕರಾರಿನ ಮೇಲೆ.

"ಒಂದೇ ಸಲ ಬರ್ತೀನಿ. ಚೆನ್ನಾಗಿದ್ರೆ ಪ್ರತಿ ಭಾನುವಾರ. ಇಲ್ಲಾಂದ್ರೆ ವಾಕಿಂಗ್ ಅನ್ನೋ ಮಾತು ಈ ಮನೇಲಿ ಇನ್ನೊಂದ್ಸಲ ಬರಬಾರದು."

ಬಷೀರ್ ಅಹಮದರು ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವ ಜನ ಅವರಲ್ಲ. ಅದೇ ಈಗ ಅವರ ಭಯ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಗಂಡ, ಹೆಂಡತಿ, ಸೊಸೆ, ಮೊಮ್ಮಗಳು ಮಿಸ್ಬಾ ಊರಾಚೆಯ ಅರಣ್ಯ ಇಲಾಖೆಯ ಉದ್ಯಾನಕ್ಕೆ ಆಟೋದಲ್ಲಿ ಬಂದಿಳಿದರು. ಹೊಂಗೆ, ಬೇವು, ಕಮರದ ಮರಗಳ ನಡುವೆ ಬಳೆಯಂತೆ ಸುತ್ತಿ ಬರುವ ಮಣ್ಣಿನ ದಾರಿ. 'ಸುಲಭ ನಡಿಗೆ' ಎಂದು ಬೋರ್ಡಿತ್ತು. ಅದನ್ನು ಬಷೀರ್ ಅಹಮದರು ಹೆಂಡತಿಗೆ ಎರಡು ಸಲ ಓದಿ ಹೇಳಿದರು.

ಗೇಟಿನಲ್ಲಿ ಕಾವಲುಗಾರ ಚೆನ್ನರಾಯಪ್ಪ ಇನ್ನೊಂದು ಬೋರ್ಡು ತೋರಿಸಿದ. "ಪಕ್ಷಿಗಳಿಗೆ ಏನೂ ಹಾಕಂಗಿಲ್ಲ ಸಾಯೇಬ್ರೆ. ಹಾಕಿದ್ದು ಕಂಡ್ರೆ ಅಲ್ಲಿಂದ್ಲೇ ವಾಪಸ್ ಕಳಿಸ್ತೀನಿ."

"ನಾವು ಅಂಥೋರಲ್ಲಪ್ಪ" ಎಂದರು ಬಷೀರ್ ಅಹಮದರು.

ಮೊದಲ ಕಲ್ಲುಬೆಂಚು ಬರುವಷ್ಟರಲ್ಲಿ ಹಮೀದಾ ಬೇಗಂ ನಿಂತರು. "ಇಲ್ಲಿ ಕೂತ್ಕೋತೀನಿ. ನೀವು ಸುತ್ತಿ ಬನ್ನಿ."

ಮುಗಿಯಿತು ಎಂದುಕೊಂಡರು ಬಷೀರ್ ಅಹಮದರು. ಅಷ್ಟರಲ್ಲಿ ಮಿಸ್ಬಾ, "ದಾದಾ, ನವಿಲು" ಎಂದಳು.

ಹೊಂಗೆಯ ಪೊದೆಯಿಂದ ಒಂದು ಗಂಡು ನವಿಲು ಹೊರಬಂದಿತ್ತು. ಬಾಲದ ಗರಿ ಇನ್ನೂ ಅರ್ಧವೇ ಬೆಳೆದಿತ್ತು. ಅದು ದಾರಿಯಲ್ಲಿ ಏನನ್ನೋ ಕುಕ್ಕಿತು, ಎರಡು ಹೆಜ್ಜೆ ಇಟ್ಟಿತು, ಮತ್ತೆ ಕುಕ್ಕಿತು. ಬಷೀರ್ ಅಹಮದರು ನಡೆದರೆ ನಡೆಯಿತು, ನಿಂತರೆ ನಿಂತಿತು.

"ನೋಡು" ಎಂದರು ಅವರು ಹೆಂಡತಿಗೆ, ಕತ್ತು ನೆಟ್ಟಗೆ ಮಾಡಿಕೊಂಡು. "ಮೂಕಪ್ರಾಣಿಗಳಿಗೆ ಒಳ್ಳೆಯವರು ಯಾರೂಂತ ಗೊತ್ತಾಗುತ್ತೆ."

ನೌರೀನ್ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. "ಅಬ್ಬಾ, ನಿಮ್ಮ ಜೇಬು..."

"ಏನಾಯ್ತು ಬೇಟಿ?"

"ಹುಳು ಉದುರ್ತಿವೆ ಅಬ್ಬಾ. ವಾಸನೆಗೇ ಬಂದಿದೆ ಅದು."

"ವಾಸನೆಯಾ? ಯಾವ ವಾಸನೆ?"

ನೌರೀನ್ ನೆಲ ನೋಡಿದಳು. ಬಷೀರ್ ಅಹಮದರು ಹಿಂತಿರುಗಿ ನೋಡಿದರು. ಗೇಟಿನಿಂದ ಇಲ್ಲಿಯವರೆಗೆ ಒಣಹುಳುಗಳ ಸಾಲು. ಚೆನ್ನರಾಯಪ್ಪ ಕಂಡರೆ ವಾಪಸ್ಸು. ವಾಪಸ್ಸಾದರೆ ಕರಾರು ಮುಗಿದಂತೆ. ಅವರು ಜೇಬನ್ನು ಮುಷ್ಟಿಯಲ್ಲಿ ಹಿಡಿದು ಬಿರಬಿರನೆ ನಡೆದರು. ಒಣಗಿದ ಹುಳು ಮುಷ್ಟಿಯಲ್ಲಿ ಪುಡಿಯಾಗಿ ಮೊದಲಿಗಿಂತ ಜೋರಾಗಿ ಸುರಿಯಿತು. ಪೊದೆಯಿಂದ ಎರಡು ಹೆಣ್ಣು ನವಿಲುಗಳೂ ಬಂದು ಸೇರಿಕೊಂಡವು. ಗಂಡು ನವಿಲಿಗೆ ಕಾಯುವ ತಾಳ್ಮೆ ಇರಲಿಲ್ಲ. ಅದು ನೇರ ಜೇಬಿಗೇ ಕುಕ್ಕಿತು.

ಬಷೀರ್ ಅಹಮದರು ಓಡಿದರು.

ಬೆಂಚಿನ ಮೇಲೆ ಹಮೀದಾ ಬೇಗಂ ನಕ್ಕರು. ದಾರಿ ತಿರುಗಿದ ಕಡೆ ಗಂಡ ಮರೆಯಾದಾಗ ಎದ್ದರು. ಕಾಣದಿದ್ದರೆ ನಗುವುದು ಹೇಗೆ?

"ಯಾಸೀನ್ ಅಬ್ಬಾ, ಕೈ ಬಿಡಿ, ತಿಂದ್ಕೊಂಡು ಹೋಗ್ಲಿ" ಎಂದು ಕೂಗುತ್ತ ಹಿಂದೆ ನಡೆದರು.

"ಬಿಟ್ರೆ ಕಾವಲುಗಾರ ನೋಡ್ತಾನೆ."

"ಹೊಲಿಯೋಕೆ ಕೊಡಿ ಅಂದಿದ್ನಲ್ಲ."

"ನಾಳೆ ಕೊಡ್ತೀನಿ."

ಮೆರವಣಿಗೆ ಈ ಕ್ರಮದಲ್ಲಿ ಸಾಗಿತು: ಬಷೀರ್ ಅಹಮದರು, ನವಿಲುಗಳು, ಮಿಸ್ಬಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಮೀದಾ ಬೇಗಂ, ಅತ್ತೆ ಬೆಂಚಿನ ಬಳಿ ಬಿಟ್ಟುಬಂದ ಚಪ್ಪಲಿ ಕೈಯಲ್ಲಿ ಹಿಡಿದ ನೌರೀನ್. ಎರಡನೇ ಬೆಂಚು ಬಂತು, ಹೋಯಿತು. ಹಮೀದಾ ಬೇಗಂ ಅದನ್ನು ಗಮನಿಸಲಿಲ್ಲ.

ಬಳೆಯಂಥ ದಾರಿ ಕೊನೆಗೆ ಗೇಟಿಗೇ ಬರುತ್ತದೆ. ಅಲ್ಲಿ ಚೆನ್ನರಾಯಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮೊದಲು ನವಿಲಿಗೆ ತನ್ನ ಚಿಂತಾಮಣಿಯ ತೆಲುಗಿನಲ್ಲಿ "ಪೋ, ಪೋ" ಎಂದ. ಆಮೇಲೆ ಇವರತ್ತ ತಿರುಗಿದ.

"ಜೇಬು ತೋರ್ಸಿ ಸಾಯೇಬ್ರೆ."

ಬಷೀರ್ ಅಹಮದರು ಜೇಬನ್ನು ಹೊರಗೆಳೆದರು. ತೂತಿನಿಂದ ಅವರ ಬೆರಳು ಹೊರಬಂತು. ಕೊನೆಯ ಹುಳು ಬಿತ್ತು, ನವಿಲು ತಿಂದಿತು.

"ನಾನು ಹಾಕ್ಲಿಲ್ಲಪ್ಪ. ಬಿತ್ತು."

"ಬಿತ್ತೋ ಹಾಕಿದ್ರೋ, ಅದು ತಿಂತಲ್ಲ. ನಡೀರಿ ಆಚೆ."

ಬಷೀರ್ ಅಹಮದರು ಹೆಂಡತಿಯ ಮುಖ ನೋಡಲಿಲ್ಲ. ಆಟೋ ಬರುವವರೆಗೂ ರಸ್ತೆಯ ಆಚೆಯ ಹಿಪ್ಪುನೇರಳೆ ತೋಟವನ್ನೇ ನೋಡುತ್ತ ನಿಂತರು.

"ಮುಂದಿನ ಭಾನುವಾರ ಸ್ವಲ್ಪ ಬೇಗ ಬರೋಣ" ಎಂದರು ಹಮೀದಾ ಬೇಗಂ. "ಬಿಸಿಲು ಏರೋಕೆ ಮುಂಚೆ."

"ಚೆನ್ನಾಗಿತ್ತಾ?"

"ನನಗೆ ಚೆನ್ನಾಗಿತ್ತು. ನಿಮ್ಮದು ನಿಮಗೆ ಗೊತ್ತು. ಆ ಸ್ವೆಟರ್ ಹಾಕ್ಕೊಂಡೇ ಬರಬೇಕು."

ಅಂದಿನಿಂದ ಪ್ರತಿ ಭಾನುವಾರ ಬರುತ್ತಿದ್ದಾರೆ. ಚೆನ್ನರಾಯಪ್ಪ ಗೇಟಿನಲ್ಲಿ ಬಷೀರ್ ಅಹಮದರ ಜೇಬು ತಡಕಿ, ಖಾಲಿಯೆಂದು ಖಚಿತವಾದ ಮೇಲೆ ಮೂಗು ಮುಚ್ಚಿಕೊಂಡು ಒಳಗೆ ಬಿಡುತ್ತಾನೆ. ಖಾಲಿಯೆಂಬುದನ್ನು ನವಿಲು ನಂಬುವುದಿಲ್ಲ. ಮೊದಲ ಬೆಂಚಿನ ಹತ್ತಿರ ಕಾದಿದ್ದು ಹಿಂದೆ ಬೀಳುತ್ತದೆ. ಅದರ ಹಿಂದೆ ಹಮೀದಾ ಬೇಗಂ. ಈಗ ಸ್ವೆಟರನ್ನು ಹೊಲಿಯಲು ಕೊಡುತ್ತೇನೆಂದು ಬಷೀರ್ ಅಹಮದರೇ ದಿನಾ ಹೇಳುತ್ತಾರೆ. "ನಾಳೆ" ಎನ್ನುತ್ತಾರೆ ಆಕೆ.