ಸೆಲ್ವರಾಜನ ಸೀಮೆ ಮೆಷಿನ್ನು

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಸಾಲುಮನೆಗಳ ಗೋಡೆ ಎಷ್ಟು ತೆಳುವೆಂದರೆ, ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ಹಾಗಾಗಿ ಪಕ್ಕದ ಮನೆಯ ಸೆಲ್ವರಾಜನ ಬಗ್ಗೆ ನನಗೆ ಗೊತ್ತಿರುವುದು ಯಾವುದೂ ನಾನು ಕದ್ದು ಕೇಳಿದ್ದಲ್ಲ. ಅವನೇ ಗಂಟಲು ಹರಿದುಕೊಂಡು ಕೇಳಿಸಿದ್ದು.

ಅವನ ತಾತ ಪೆರುಮಾಳ್ ಗಣಿಯ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯಲ್ಲಿ ಬೂಟು ಒರೆಸುತ್ತಿದ್ದ. ಒರೆಸಿದ ತಾತ ಯಾವ ಜಂಬವೂ ಇಲ್ಲದೆ ಸತ್ತ, ಜಂಬವೆಲ್ಲ ಮೊಮ್ಮಗನ ಪಾಲಿಗೆ ಬಂತು. ಸೆಲ್ವರಾಜನಿಗೆ ಬೆಂಗಳೂರಿನ ಒಂದು ಕಟ್ಟಡದಲ್ಲಿ ಸೆಕ್ಯುರಿಟಿ ಕೆಲಸ. ಬೆಳಗಿನ ರೈಲಿನ ಬಾಗಿಲಲ್ಲಿ ನೇತಾಡುವ ಈ ಮಹಾರಾಯ ಬಂಗಾರಪೇಟೆ ಬರುವಷ್ಟರಲ್ಲಿ ಫೋನಿನಲ್ಲೇ ಅರ್ಧ ಅಮೆರಿಕ ಸುತ್ತಿ ಬಂದಿರುತ್ತಾನೆ. ಬೆಲ್ಟು, ಟಾರ್ಚು, ಗಡ್ಡ ಕೆರೆಯುವ ಬ್ಲೇಡು, ಎಲ್ಲವೂ ಸಮುದ್ರ ದಾಟಿಯೇ ಬರಬೇಕು. "ಲೋಕಲ್ ಮಾಲು ಮುಟ್ಟಿದ್ರೆ ಕೈ ತೊಳೀಬೇಕು ಕಣ್ಲಾ" ಎಂದು ಒಮ್ಮೆ ನನಗೆ ಹೇಳಿದ. ಆಗ ಅವನು ಸೇದುತ್ತಿದ್ದದ್ದು ನನ್ನ ಹತ್ತಿರ ಕೇಳಿ ತೆಗೆದುಕೊಂಡ ಬೀಡಿ.

ಆ ಮನೆಯ ಒಲೆ ಉರಿಯುತ್ತಿದ್ದದ್ದು ಮಾತ್ರ ಲೋಕಲ್ ಮಾಲಿನಿಂದಲೇ. ಅವನ ಹೆಂಡತಿ ಕಲಾ ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಬೇತಮಂಗಲದ ಮುನಿರತ್ನಮ್ಮ ಎಂಬ ಬೇಸಾಯದ ಮನೆಯ ಹೆಂಗಸು ತನ್ನ ಮಗಳು ಸುಕನ್ಯಳ ಮದುವೆಯ ಬ್ಲೌಸುಗಳನ್ನು, ನೆಂಟರದ್ದೂ ಸೇರಿಸಿ, ಕಲಾಳಿಗೆ ಒಪ್ಪಿಸಿದಳು. ಇದು ಚೆನ್ನಾಗಿ ಆದರೆ ಆ ಕಡೆಯ ಹಳ್ಳಿಗಳ ಮದುವೆ ಕೆಲಸವೆಲ್ಲ ತನ್ನ ಕೈಗೆ ಬರುತ್ತದೆ, ಕೆಟ್ಟರೆ ಮತ್ತೆ ಲಂಗಕ್ಕೆ ಲಾಡಿ ಏರಿಸುತ್ತ ಕೂರಬೇಕು ಎಂದು ಕಲಾಳಿಗೆ ಚೆನ್ನಾಗಿ ಗೊತ್ತಿತ್ತು. ಬಂಗಾರಪೇಟೆಯಲ್ಲಿ ಒಂದು ಮೋಟರ್ ಕೊಂಡು ಹಳೆಯ ಮೆಷಿನ್ನಿಗೇ ಕಟ್ಟಿಸಿಕೊಡಿ, ಅಷ್ಟೇ ಸಾಕು ಎಂದು ಗಂಡನನ್ನು ಕೇಳಿದಳು.

"ಆ ಡಬ್ಬಾ ಮೋಟರಾ? ನೀನ್ ಸುಮ್ಕಿರು ಕಲಾ. ಅಮೆರಿಕದಿಂದ ಹೊಸ ಮೆಷಿನ್ನೇ ತರಿಸ್ತೀನಿ. ಡೆಲಿವರಿ ಫ್ರೀ. ಇಷ್ಟ ಆಗ್ಲಿಲ್ಲಾ ಅಂದ್ರೆ ವಾಪಸ್ಸೂ ಫ್ರೀ. ಅದು ಕಣಮ್ಮ ಫಾರಿನ್ ಮರ್ಯಾದೆ!"

ಕಲಾ ಕಟ್ಟಿದ್ದ ಚೀಟಿ ದುಡ್ಡು ಆ ಮರ್ಯಾದೆಗೆ ಹೋಯಿತು. ಡೆಲಿವರಿ ಫ್ರೀ ಎಂದಿದ್ದದ್ದು ಅವರ ದೇಶದೊಳಗಿನವರಿಗೆ. ಸಮುದ್ರ ದಾಟಿಸುವ ಬಾಡಿಗೆಯನ್ನು ಇವನು ತುಟಿ ಪಿಟಿಕ್ಕೆನ್ನದೆ ತೆತ್ತಿದ್ದ. ಆಮೇಲೆ ಕೊರಿಯರ್‌ನವರ ಫೋನು ಬಂತು: ಮಾಲು ಬಂದಿದೆ, ಆಧಾರ್ ಕಳಿಸಿ, ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಳ್ಳಿ. ಮೆಷಿನ್ನಿನ ಬೆಲೆಗೆ ಸುಂಕ ಎಂದರೆ ಸರಿ. ಅದನ್ನು ಹೊತ್ತು ತಂದ ಬಾಡಿಗೆಯ ಮೇಲೂ ಸುಂಕ! ಆ ಸುಂಕವನ್ನು ನಿಮ್ಮ ಪರವಾಗಿ ಕಟ್ಟಿದೆವೆಂದು ಕೊರಿಯರ್‌ನವರದು ಒಂದು ಶುಲ್ಕ, ಆ ಶುಲ್ಕಕ್ಕೆ ಮತ್ತೆ ಜಿಎಸ್‌ಟಿ. ನಮ್ಮಪ್ಪನ ಕಾಲದಲ್ಲಿ ಜೇಬಿಗೆ ಕತ್ತರಿ ಹಾಕುವವರು ಕನಿಷ್ಠ ರಸೀದಿ ಕೊಟ್ಟು ಅವಮಾನ ಮಾಡುತ್ತಿರಲಿಲ್ಲ.

ಸೆಲ್ವರಾಜನ ಕೈಯಲ್ಲಿ ದುಡ್ಡಿರಲಿಲ್ಲ. ಕಲಾ ಅಳತೆ ತೆಗೆದುಕೊಳ್ಳಲು ಬೇತಮಂಗಲದ ಬಸ್ಸು ಹತ್ತಿದ ದಿನ ಅವಳ ಹಳೆಯ ಮೆಷಿನ್ನನ್ನು ಆಟೋಗೆ ಏರಿಸಿ, ಆಂಡರ್ಸನ್‌ಪೇಟೆಯಲ್ಲಿ ಮೆಷಿನ್ ರಿಪೇರಿ ಅಂಗಡಿ ಇಟ್ಟಿರುವ ಕುಪ್ಪುಸ್ವಾಮಿಗೆ ಮಾರಿ, ಸುಂಕ ಕಟ್ಟಿಬಿಟ್ಟ.

ಸಂಜೆ ಕಲಾ ಬಂದು ಕಿಟಕಿಯ ಪಕ್ಕ ನಿಂತುಕೊಂಡದ್ದು ನನಗೆ ಕಾಣಿಸಿತು. "ನನ್ ಮೆಷಿನ್ ಎಲ್ಲಿ?"

"ಆ ಗುಜರೀನಾ? ಕುಪ್ಪುಸ್ವಾಮಿಗೆ ಮಾರ್‌ಬುಟ್ಟೆ, ಬಿಡು. ನಾಳೆ ಅಮೆರಿಕದ ರಾಣಿ ಬತ್ತಾಳೆ ಮನೆಗೆ."

ಕಲಾ ಅಳತೆಯ ಪುಸ್ತಕವನ್ನು ಆ ಖಾಲಿ ಜಾಗದಲ್ಲಿಟ್ಟು ಒಳಗೆ ಹೋದಳು. ನನಗೇ ಮೈ ಉರಿದುಹೋಯಿತು. ತಾಳಿ ಮಾರಿದ್ದರೂ ಒಂದು ಮಾತು ಕೇಳಿ ಮಾರುತ್ತಿದ್ದನೇನೋ.

ರಾಣಿ ಬಂದಳು. ಸೆಲ್ವರಾಜ ಕೆಲಸಕ್ಕೆ ರಜೆ ಹಾಕಿ ಸಾಲಿನವರನ್ನೆಲ್ಲ ಕರೆದು ತೋರಿಸಿದ. ಅವನ ತಾಯಿ ಪಾಪಕ್ಕ ನಮ್ಮ ಕಡೆ ಎಲ್ಲರೂ ಮಾಡುವಂತೆ ಹೊಸ ಮೆಷಿನ್ನಿಗೆ ಪೂಜೆ ಮಾಡಿದಳು. ಅರಿಶಿನ, ಕುಂಕುಮ, ಹೂವು, ನಿಂಬೆಹಣ್ಣು, ಹಿಂಭಾಗದಲ್ಲಿ ಇಂಗ್ಲಿಷ್ ಅಕ್ಷರದ ಒಂದು ಚೀಟಿ ಅಂಟಿಸಿದ್ದ ಕಡೆ ಮೂರು ಬೆರಳಿನ ದಪ್ಪ ವಿಭೂತಿ ಪಟ್ಟೆ.

"ಬೇಗ ಆನ್ ಮಾಡ್ಲಾ, ರಾಹುಕಾಲ ಬಂದ್‌ಬುಡ್ತದೆ" ಎಂದಳು.

"ವಿಭೂತಿ ಕೆಳಗೆ ಏನೋ ಬರ್ದವ್ರೆ, ಒಂದ್ಸಲ ಓದ್‌ಬುಡಿ" ಎಂದಳು ಕಲಾ.

"ಇಂಗ್ಲಿಷ್ ಮಾತಾಡೋ ಸಾಹೇಬ್ರುಗೆ ದಿನಾ ಸಲ್ಯೂಟ್ ಒಡೀತೀನಿ ನಾನು. ನನ್ಗೇ ಓದೋದ್ ಏಳ್ಕೊಡ್ತೀಯಾ?"

ಸಲ್ಯೂಟ್ ಹೊಡೆದರೆ ಇಂಗ್ಲಿಷ್ ಬರುವುದಾದರೆ ನಮ್ಮ ರೈಲ್ವೆ ಗೇಟಿನ ಕಂಬಕ್ಕೂ ಬರಬೇಕಿತ್ತು. ಪಿನ್ನು ನಮ್ಮ ಪ್ಲಗ್ಗಿಗೆ ಹೊಂದದೆ ಇದ್ದಾಗಲೂ ಅವನಿಗೆ ಅನುಮಾನ ಬರಲಿಲ್ಲ. ನಡುವೆ ಒಂದು ಅಡಾಪ್ಟರ್ ತುರುಕಿ ಸ್ವಿಚ್ ಒತ್ತಿದ. ಮೆಷಿನ್ ಒಮ್ಮೆ ಗುರ್ರೆಂದಿತು, ಸುಟ್ಟ ವಾಸನೆ ಬಂತು, ಹೊಗೆ ಕರ್ಪೂರದ ಹೊಗೆಯ ಜೊತೆ ಸೇರಿಕೊಂಡಿತು. ಅದು ಅಮೆರಿಕದ ಕರೆಂಟಿಗೆ ಮಾಡಿದ್ದು, ನಮ್ಮ ಕರೆಂಟು ಅದರ ಎರಡರಷ್ಟು. ಆ ಚೀಟಿಯಲ್ಲಿ ಬರೆದಿದ್ದದ್ದೂ ಅದೇ.

ಇಷ್ಟಾದರೂ ಅವನಿಗೆ ನಾಚಿಕೆಯಾಗಲಿಲ್ಲ. "ವಾಪಸ್ ಕಳ್ಸಿದ್ರೆ ಮುಗೀತು" ಎಂದ. ಬರುವಾಗಲೇ ಕೆಟ್ಟಿತ್ತು ಎಂದು ಕಂಪನಿಗೆ ಬರೆದ. ಅವರು ಫೋಟೊ ಕೇಳಿದರು. ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಫೋಟೊ ತೆಗೆದು ಕಳಿಸಿದ. ಆದರೆ ಪಾಪಕ್ಕನ ಕುಂಕುಮ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ, ಸಂದಿಗೊಂದಿಯಲ್ಲೆಲ್ಲ ಕೂತಿತ್ತು. ಕಂಪನಿಯ ಉತ್ತರ ಬಂತು: ನೀವು ಯಂತ್ರದೊಳಗೆ ಕೆಂಪು ಪುಡಿ ತುಂಬಿದ್ದೀರಿ, ಕೆಟ್ಟಿರುವುದು ಅದರಿಂದಲೇ, ಬಳಸಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡಿದ್ದರೂ ಕಳಿಸುವ ಬಾಡಿಗೆ ಇವನದೇ ಆಗುತ್ತಿತ್ತು, ಕಟ್ಟಿದ ಸುಂಕ ಕೇಳಲು ಸರ್ಕಾರದ ಬಾಗಿಲಿಗೆ ಬೇರೆ ಅಲೆಯಬೇಕಿತ್ತು.

ಪಾಪಕ್ಕ ಕೆಂಡವಾದಳು. "ನನ್ ಕುಂಕುಮಾನ ಅಂದ್ರಾ? ಮುತ್ತೈದೆ ಕುಂಕುಮಕ್ಕೆ ಸುಟ್ಟೋಯ್ತದಾ ಮೆಷಿನ್ನು? ಅವರ ಮೋರೆಗಿಷ್ಟು..." ಉಳಿದದ್ದು ಬರೆಯುವಂಥದ್ದಲ್ಲ. ಕಂಪನಿಯವರು ಅಷ್ಟು ದೂರ ಇದ್ದು ಬಚಾವಾದರು.

ಮುನಿರತ್ನಮ್ಮನ ಫೋನು ಬರುತ್ತಲೇ ಇತ್ತು. ಕಲಾ ಬಟ್ಟೆಯ ಚೀಲ ಹೊತ್ತು ಆಂಡರ್ಸನ್‌ಪೇಟೆಗೆ ನಡೆದಳು. ಕುಪ್ಪುಸ್ವಾಮಿಯ ಅಂಗಡಿಯಲ್ಲಿ, ತನ್ನದೇ ಮೆಷಿನ್ನಿನ ಮುಂದೆ, ಅದಕ್ಕೆ ಅವನಿಗೆ ಬಾಡಿಗೆ ಕೊಟ್ಟು ಕೂತಳು. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋದರೆ ಮುಚ್ಚುವ ಹೊತ್ತಿಗೆ ಬರುವಳು. ಸುಕನ್ಯಳ ಮದುವೆಗೆ ಒಂದು ಬ್ಲೌಸೂ ತಪ್ಪಲಿಲ್ಲ. ತೋಳಿನ ಕೆಲಸ ನೋಡಿ ಕ್ಯಾಸಂಬಳ್ಳಿಯ ಬೀಗರು ಅಲ್ಲೇ ಇನ್ನೊಂದು ಮದುವೆಯ ಬಟ್ಟೆ ಒಪ್ಪಿಸಿದರು. ಬಂದ ಕೂಲಿಯಲ್ಲಿ ಅವಳು ತನ್ನ ಮೆಷಿನ್ನನ್ನು ಕುಪ್ಪುಸ್ವಾಮಿಯಿಂದ ಮತ್ತೆ ಕೊಂಡುಕೊಂಡಳು.

ಆ ದಿನ ಸೆಲ್ವರಾಜ ದೊಡ್ಡ ಮನಸ್ಸು ಮಾಡಿ, ಹೊರಲು ನನ್ನನ್ನೂ ಕರೆದುಕೊಂಡು, ಆಟೋ ಸಮೇತ ಅಂಗಡಿಯ ಮುಂದೆ ಬಂದ. "ಎತ್ತೋಣ್ವಾ?" ಎಂದು ತೋಳು ಮಡಿಸಿದ.

ಕಲಾ ಅವನ ಕಡೆ ತಿರುಗಲಿಲ್ಲ. ಕುಪ್ಪುಸ್ವಾಮಿಗೆ ಹೇಳಿದಳು: "ಅಣ್ಣಾ, ಇದು ಇಲ್ಲೇ ಇರ್ಲಿ. ಜಾಗಕ್ಕೆ ಬಾಡಿಗೆ ಕೊಡ್ತೀನಿ. ಮನೆಗೆ ತಗೊಂಡೋದ್ರೆ ಇವ್ರು ಮತ್ತೆ ಮಾರ್ತಾರೆ."

ನಾನು ಅವನ ಪರವಾಗಿ ಏನಾದರೂ ಹೇಳುತ್ತೇನೆಂದು ಸೆಲ್ವರಾಜ ನನ್ನ ಮುಖ ನೋಡಿದ. ನಾನು ಆಟೋದವನಿಗೆ ಹೋಗೆಂದೆ.